ಕಾಲಿಗೆ ಕಟ್ಟಿದ ಸ್ಟೆಪ್ನಿ

ಡಲ್ಲಾಸ್‌ನಿಂದ ಹೊರಟಾಗ ಬೆಳಗಿನ ಐದು ಗಂಟೆ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ವಾರಾಂತ್ಯ, ಸಾಲಾಗಿ ಮೂರು ದಿನ ರಜೆ. ಕಾರು ಗೆಳೆಯನದು, ಫ್ಲಾಸ್ಕಿನಲ್ಲಿದ್ದ ಕಾಫಿ ಅವನ ಹೆಂಡತಿಯದು. ನನ್ನದು ಅಂತ ಇದ್ದದ್ದು ಬೆಂಗಳೂರಿನಿಂದ ತಂದ ಒಂದು ಡಬ್ಬ ಕೋಡುಬಳೆ. ನೋಡಬೇಕಾದದ್ದು ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಗುಹೆಗಳು. ಪಶ್ಚಿಮಕ್ಕೆ ಪೆಕೋಸ್ ಅನ್ನುವ ಊರಿನ ತನಕ ಆರು ಗಂಟೆಗೂ ಜಾಸ್ತಿ ದಾರಿ. ಅಲ್ಲಿಂದ ಉತ್ತರಕ್ಕೆ ತಿರುಗಿ ಇನ್ನೂ ಒಂದೂವರೆ ಗಂಟೆ.

ಗೆಳೆಯ ನನ್ನ ಹಾಸ್ಟೆಲ್ ದಿನಗಳವನು, ಕೊಡಗಿನವನು. ಟೆಕ್ಸಸ್‌ಗೆ ಬಂದು ಇಪ್ಪತ್ತು ವರ್ಷ ದಾಟಿದೆ, ಈಗ ಅಲ್ಲಿನ ಪ್ರಜೆ. ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುತ್ತಾನೆ ಅಂತ ಮೊದಲೇ ಗೊತ್ತಿತ್ತು. ಅಬಿಲೀನ್ ದಾಟಿ ಪೆಟ್ರೋಲ್ ಹಾಕಿಸಲು ನಿಂತಾಗ ಅವನು ಬಗ್ಗಿ ಕಾಲುಚೀಲ ಸರಿಮಾಡಿಕೊಂಡ. ಪ್ಯಾಂಟಿನ ಅಂಚು ಮೇಲೆ ಸರಿಯಿತು. ಪಾದದ ಗಂಟಿನ ಮೇಲೆ ಕಪ್ಪು ಪಟ್ಟಿ, ಅದರೊಳಗೆ ಇನ್ನೊಂದು ಪುಟ್ಟ ಪಿಸ್ತೂಲು. ಮೊಬೈಲಿಗಿಂತ ಸ್ವಲ್ಪ ದಪ್ಪ, ಅಷ್ಟೇ.

‘ಎರಡ್ಯಾಕೋ?’ ಅಂದೆ.

‘ಸ್ಟೆಪ್ನಿ ಇಲ್ದೆ ಕಾರು ತೆಗೀತೀಯಾ ನೀನು?’

ಆಮೇಲೆ ಡ್ರೈವ್ ಮಾಡುತ್ತಾ ಬಿಡಿಸಿ ಹೇಳಿದ. ಸೀಟ್ ಬೆಲ್ಟ್ ಹಾಕಿ ಕೂತಾಗ ಸೊಂಟಕ್ಕೆ ಕೈ ಹೋಗುವುದು ಕಷ್ಟ, ಕಾಲಿಗೆ ಸಲೀಸಾಗಿ ಹೋಗುತ್ತದೆ. ಒಂದು ಜಾಮ್ ಆದರೆ ಇನ್ನೊಂದು ಇರುತ್ತದೆ. ‘ಎರಡಿದ್ದರೆ ಒಂದು, ಒಂದೇ ಇದ್ದರೆ ಏನೂ ಇಲ್ಲ’ ಅಂತ ಅಲ್ಲಿ ಬಂದೂಕಿನವರ ಬಾಯಲ್ಲಿ ಒಂದು ಮಾತೇ ಇದೆಯಂತೆ. ಇಪ್ಪತ್ತು ವರ್ಷದಲ್ಲಿ ಎಷ್ಟು ಸಲ ಬೇಕಾಯಿತು ಅಂತ ಕೇಳಿದೆ. ‘ಒಂದ್ಸಲನೂ ಇಲ್ಲ’ ಅಂದ. ಸ್ಟೆಪ್ನಿಯಾದರೂ ನನಗೆ ಮೂರು ಸಲ ಬೇಕಾಗಿದೆ!

ಟೆಕ್ಸಸ್‌ನಲ್ಲಿ ಇದಕ್ಕೆ ಅಡ್ಡಿಯಿಲ್ಲ. 1996ರಿಂದ ಅಲ್ಲಿ ಲೈಸೆನ್ಸ್ ಪಡೆದು ಬಚ್ಚಿಟ್ಟುಕೊಂಡು ಓಡಾಡಬಹುದಿತ್ತು. 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದ, ಕಾನೂನಿನಲ್ಲಿ ಬೇರೆ ತಕರಾರಿಲ್ಲದ ವಯಸ್ಕರಿಗೆ ಲೈಸೆನ್ಸೂ ಬೇಡ. ಒಂದೋ ಎರಡೋ ಅಂತ ಕಾನೂನು ಎಣಿಸುವುದಿಲ್ಲ. ಎಲ್ಲಿಗೆ ತರಬಾರದು ಅನ್ನುವುದು ಮಾತ್ರ ಉದ್ದದ ಪಟ್ಟಿ. ಬಾರುಗಳ ಬಾಗಿಲಲ್ಲಿ ಕೆಂಪಗೆ ದೊಡ್ಡದಾಗಿ 51% ಅಂತ ಬರೆದ ಬೋರ್ಡು ಇರುತ್ತದೆ. ಅಂದರೆ ಅಲ್ಲಿನ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕುಡಿಯುವ ಮದ್ಯದಿಂದ, ಬಂದೂಕು ತರುವ ಹಾಗಿಲ್ಲ. ಅಂಗಡಿಯವರು ಬೇಡ ಅನ್ನಬೇಕಾದರೆ ಕಾನೂನಿನ ಕಲಮಿನ ನಂಬರಿನಿಂದಲೇ ಹೆಸರಾದ 30.06 ಅನ್ನುವ ಬೋರ್ಡು ಹಾಕುತ್ತಾರೆ. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಒಂದು ಇಂಚಾದರೂ ಎತ್ತರ ಇರಬೇಕು. ಅಕ್ಷರದ ಎತ್ತರವನ್ನೂ ಅಳೆದು ಬರೆದ ಕಾನೂನು ಬಂದೂಕಿನ ಲೆಕ್ಕ ಬಿಟ್ಟುಬಿಟ್ಟಿದೆ.

‘ಲೈಸೆನ್ಸ್ ಬೇಡ ಅಂದ್ಮೇಲೆ ನೀನ್ಯಾಕೆ ಇನ್ನೂ ಇಟ್ಕೊಂಡಿದ್ದೀಯಾ?’

‘ಬಾರ್ಡರ್ ದಾಟಕ್ಕೆ’ ಅಂದ. ಟೆಕ್ಸಸ್ ಲೈಸೆನ್ಸಿಗೆ ನ್ಯೂ ಮೆಕ್ಸಿಕೋದಲ್ಲಿ ಮಾನ್ಯತೆ ಇದೆ. ಆದರೆ ಅಲ್ಲಿಗೆ ಹೋದವರು ಅಲ್ಲಿನ ನಿಯಮವನ್ನೇ ಪಾಲಿಸಬೇಕು.

ಮಿಡ್‌ಲ್ಯಾಂಡ್, ಒಡೆಸ್ಸಾ ದಾಟಿದ ಮೇಲೆ ಎರಡೂ ಕಡೆ ಎಣ್ಣೆ ಬಾವಿಗಳು. ಕಬ್ಬಿಣದ ಪಂಪುಗಳು ಮೇವು ತಿನ್ನುವ ಎಮ್ಮೆಗಳ ಹಾಗೆ ತಲೆ ಎತ್ತಿ ಇಳಿಸುತ್ತಾ ಇರುತ್ತವೆ. ಪೆಕೋಸ್‌ನಲ್ಲಿ ಕರ್ಬೂಜ ಪ್ರಸಿದ್ಧ. 1883ರಲ್ಲಿ ಜಗತ್ತಿನ ಮೊದಲ ರೋಡಿಯೋ, ಅಂದರೆ ಕೌಬಾಯ್‌ಗಳ ಪಂದ್ಯ, ನಡೆದದ್ದು ನಮ್ಮಲ್ಲೇ ಅಂತ ಆ ಊರು ಹೇಳಿಕೊಳ್ಳುತ್ತದೆ. ನಾವು ಸ್ಯಾಂಡ್‌ವಿಚ್ ತಿಂದು ಹೊರಟೆವು. ಅಲ್ಲಿಂದ 285ನೇ ಹೆದ್ದಾರಿ. ಮರಳು, ನೀರು, ಕಚ್ಚಾ ಎಣ್ಣೆ ಹೊತ್ತ ಲಾರಿಗಳು ಒಂದರ ಹಿಂದೆ ಒಂದು. ನಿಜವಾಗಿ ಹೆದರಬೇಕಾದದ್ದು ಈ ಲಾರಿಗಳಿಗೆ ಅಂತ ನನಗೆ ಅನ್ನಿಸಿತು.

ಆರ್ಲಾ ದಾಟಿ ಸ್ವಲ್ಪ ಹೊತ್ತಿಗೆ, ರಾಜ್ಯದ ಗಡಿಗೆ ಮುಂಚೆ, ಅವನು ಕಾರನ್ನು ಪಕ್ಕದ ಜಲ್ಲಿ ಜಾಗಕ್ಕೆ ಇಳಿಸಿದ. ಪ್ಯಾಂಟು ಮಡಚಿ ಕಾಲಿನ ಪಟ್ಟಿ ಎಳೆದ. ವೆಲ್ಕ್ರೋ ಚರ್ರ್ ಅಂತ ಸದ್ದು ಮಾಡಿತು. ಪಟ್ಟಿ ಇದ್ದ ಜಾಗದಲ್ಲಿ ಕೂದಲು ಉದುರಿ, ಚರ್ಮ ನುಣ್ಣಗೆ ಬೆಳ್ಳಗಾಗಿತ್ತು. ವರ್ಷಗಟ್ಟಲೆ ವಾಚ್ ಕಟ್ಟಿದವರ ಮಣಿಕಟ್ಟಿನ ಹಾಗೆ. ಗುಂಡು ತುಂಬಿದ ಮ್ಯಾಗಜೀನ್ ತೆಗೆದ, ಸ್ಲೈಡ್ ಎಳೆದು ಒಳಗೆ ಗುಂಡಿಲ್ಲ ಅಂತ ಎರಡು ಸಲ ನೋಡಿದ.

ನ್ಯೂ ಮೆಕ್ಸಿಕೋದ ನಿಯಮ ಇದು: ಲೈಸೆನ್ಸ್ ಇದ್ದವರು ಒಂದು ಹೊತ್ತಿಗೆ ಮೈಮೇಲೆ ಒಂದೇ ಪಿಸ್ತೂಲು ಬಚ್ಚಿಟ್ಟುಕೊಳ್ಳಬಹುದು. ಆ ರಾಜ್ಯದವರ ಲೈಸೆನ್ಸಿನಲ್ಲಂತೂ ರಿವಾಲ್ವರ್ರೋ ಸೆಮಿ ಆಟೋಮ್ಯಾಟಿಕ್ಕೋ, ಎಷ್ಟು ದೊಡ್ಡ ಕ್ಯಾಲಿಬರ್ (ನಳಿಗೆಯ ಅಳತೆ) ತನಕ ಪರೀಕ್ಷೆ ಪಾಸಾಗಿದ್ದಾರೆ ಅನ್ನುವುದೂ ನಮೂದಾಗಿರುತ್ತದೆ. ತಮಾಷೆ ಅಂದರೆ ಅಲ್ಲಿ ಎಲ್ಲರಿಗೂ ಕಾಣುವ ಹಾಗೆ ಪಿಸ್ತೂಲು ನೇತುಹಾಕಿಕೊಳ್ಳಲು ಲೈಸೆನ್ಸೇ ಬೇಡ. ಕಾರಿನೊಳಗೆ ಇಟ್ಟುಕೊಳ್ಳಲೂ ಬೇಡ. ಅಂಗಿ ಕೆಳಗೆ ಹೋದರೆ ಮಾತ್ರ ಲೆಕ್ಕ ಶುರು. ‘ಹಾಗಾದ್ರೆ ಎರಡನೇದನ್ನ ಪ್ಯಾಂಟಿನ ಮೇಲೆ ಕಾಣೋ ಹಾಗೆ ಕಟ್ಕೋ’ ಅಂದೆ. ಅವನು ನಗಲಿಲ್ಲ. ಹಾಗೆ ಮೆರೆಸುವವರನ್ನು ಕಂಡರೆ ಅವನಿಗೆ ಆಗುವುದಿಲ್ಲ.

ಡಿಕ್ಕಿಯಲ್ಲಿ ಬೀಗದ ಪೆಟ್ಟಿಗೆ ಇತ್ತು. ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಪಿಸ್ತೂಲು. ‘ಮಚ್ಚಾ, ಒಂದ್ನಿಮಿಷ ಹಿಡ್ಕೋ’ ಅಂತ ಚಾಚಿದ. ನಾನೂ ಕೈ ಚಾಚಿದೆ. ತಕ್ಷಣ ಹಾವು ಕಂಡವನ ಹಾಗೆ ಹಿಂದಕ್ಕೆ ಎಳೆದುಕೊಂಡ.

‘ಬೇಡ ಬೇಡ. ನೀನು ಮುಟ್ಟಂಗಿಲ್ಲ.’

ಪ್ರವಾಸಿ ವೀಸಾದಲ್ಲಿ ಬಂದವರ ಕೈಗೆ ಬಂದೂಕು ಬರುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ, ನನ್ನ ಹತ್ತಿರ ಅಂಥದ್ದೇನೂ ಇರಲಿಲ್ಲ. ಬಂದೂಕಿನ ರಾಶಿಯೇ ಇರುವ ದೇಶದಲ್ಲಿ ನಾನು ಬೀಗದ ಕೈ ಹಿಡಿದುಕೊಂಡು ನಿಂತೆ.

ಆ ದಿನಗಳಲ್ಲೇ ಅವನ ಊರಲ್ಲಿ ಕೈಲ್‌ಪೊಳ್ದ್ ಹಬ್ಬ. ಸೆಪ್ಟೆಂಬರ್ ಮೊದಲ ವಾರ ಕೊಡಗಿನ ಮನೆಗಳಲ್ಲಿ ಕೋವಿ ಒರೆಸಿ, ಗದ್ದೆ ಸಲಕರಣೆ ಜೊತೆ ಇಟ್ಟು, ತೋಕ್‌ಪೂವು ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಕಡಂಬುಟ್ಟು, ಪಂದಿಕರಿ, ತೆಂಗಿನಕಾಯಿಗೆ ಗುರಿ. ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ಅದು ಉದ್ದ ಕೋವಿಗೆ. ಪಿಸ್ತೂಲಿಗೆ ಕೊಡವರೂ ಎಲ್ಲರ ಹಾಗೆ ಲೈಸೆನ್ಸ್ ಪಡೆಯಬೇಕು. ನಮ್ಮ ಮಲೆನಾಡಿನ ಕಡೆ ಕಥೆ ಬೇರೆ. ಅಪ್ಪನ ಒಂಟಿ ನಳಿಗೆಯ ಕೋವಿ ಮಂಗ, ಹಂದಿಗಳ ಸಲುವಾಗಿ ಇದ್ದದ್ದು. ಎಲೆಕ್ಷನ್ ಬಂತೆಂದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಮಂಗಗಳಿಗೂ ಎಲೆಕ್ಷನ್ ತಾರೀಕು ಗೊತ್ತು ಅಂತ ಅಪ್ಪ ಬೈಯುತ್ತಿದ್ದರು. ಭಾರತದಲ್ಲಿ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ನಮ್ಮವರು ಮನೆಯಲ್ಲಿರುವುದನ್ನು ಎಣಿಸುತ್ತಾರೆ, ನ್ಯೂ ಮೆಕ್ಸಿಕೋದವರು ಅಂಗಿ ಕೆಳಗಿರುವುದನ್ನು.

‘ಮನೇಲಿ ಈಗ ಅಣ್ಣ ಕೋವಿ ಇಡ್ತಿರ್ತಾನೆ’ ಅಂದ ಗೆಳೆಯ. ಆಮೇಲೆ ಹತ್ತು ಮೈಲಿ ಮಾತಾಡಲಿಲ್ಲ.

ಗುಹೆಯ ವಿಸಿಟರ್ ಸೆಂಟರಿನ ಬಾಗಿಲಲ್ಲಿ ಪಿಸ್ತೂಲಿನ ಮೇಲೆ ಗೀಟೆಳೆದ ಬೋರ್ಡು. 2010ರ ಫೆಬ್ರುವರಿಯಿಂದ ರಾಷ್ಟ್ರೀಯ ಉದ್ಯಾನಗಳಲ್ಲಿ ಆಯಾ ರಾಜ್ಯದ ಕಾನೂನಿನಂತೆ ಬಂದೂಕು ಇಟ್ಟುಕೊಳ್ಳಬಹುದು. ಆದರೆ ಫೆಡರಲ್ ಕಟ್ಟಡದೊಳಗೆ ಕೂಡದು. ಹಾಗಾಗಿ ಸೊಂಟದ್ದೂ ಪೆಟ್ಟಿಗೆ ಸೇರಿತು. ಹಗುರಾಗಿ ನಡೆಯುತ್ತಿದ್ದರೂ ಅವನ ಬಲಗೈ ಆಗಾಗ ಸೊಂಟ ಸವರುತ್ತಿತ್ತು, ಪರ್ಸ್ ಕಳೆದುಕೊಂಡವರ ಹಾಗೆ.

ನೈಸರ್ಗಿಕ ಬಾಯಿಯಿಂದ ನಡೆದೇ ಇಳಿದೆವು. ತಿರುವು ತಿರುವಾಗಿ ಎರಡು ಕಿಲೋಮೀಟರು, 750 ಅಡಿ ಆಳ. ಹೊರಗೆ ಸೆಕೆ, ಒಳಗೆ 13 ಡಿಗ್ರಿ. ಬಿಗ್ ರೂಮ್ ಅನ್ನುವ ಕೋಣೆಯನ್ನು ಸುತ್ತು ಹಾಕುವುದೇ ಇನ್ನೊಂದು ಎರಡು ಕಿಲೋಮೀಟರು. ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನಿಲ್ಲ. ಸಂಜೆ ಗುಹೆಯ ಬಾಯಿಗೆ ಎದುರಾಗಿ ಕಲ್ಲಿನ ಮೆಟ್ಟಿಲ ಮೇಲೆ ಕೂತೆವು. ರೇಂಜರ್ ಬಂದು ಫೋನು, ಕ್ಯಾಮೆರಾ ಎಲ್ಲಾ ಆಫ್ ಮಾಡಿಸಿದರು. ಬಾವಲಿಗಳಿಗೆ ತೊಂದರೆ ಆಗುತ್ತದಂತೆ. ಮೊದಲು ಹತ್ತಿಪ್ಪತ್ತು ಬಂದವು. ಆಮೇಲೆ ಹೊಗೆಯ ಸುರುಳಿಯ ಹಾಗೆ, ಎಡಕ್ಕೆ ಸುತ್ತುತ್ತಾ, ಲಕ್ಷಗಟ್ಟಲೆ. ಸಣ್ಣ ಮಳೆ ತರಗೆಲೆ ಮೇಲೆ ಬಿದ್ದ ಹಾಗೆ ಸದ್ದು. ಅರ್ಧ ಗಂಟೆ ನಾವಿಬ್ಬರೂ ಬಾಯಿ ಬಿಡಲಿಲ್ಲ.

ಊಟಕ್ಕೆ ಕಾರ್ಲ್ಸ್‌ಬ್ಯಾಡ್ ಪೇಟೆಯ ಒಂದು ಹೋಟೆಲು. ಪಾರ್ಕಿಂಗ್‌ನಲ್ಲೇ ಫೋನಿನಲ್ಲಿ ಮೆನು ತೆಗೆದು ಮೊದಲು ಪಾನೀಯದ ಪುಟ ಓದಿದ. ಇವನೇನು ಕುಡಿಯಕ್ಕೆ ಇಷ್ಟು ಅವಸರ ಮಾಡ್ತಾನೆ ಅಂದುಕೊಂಡೆ. ಬಿಯರ್, ವೈನ್ ಮಾತ್ರ ಕೊಡುವ ಊಟದ ಹೋಟೆಲಿಗೆ ಲೈಸೆನ್ಸ್ ಇದ್ದವರು ಪಿಸ್ತೂಲು ಒಯ್ಯಬಹುದು, ಟಕೀಲಾದಂಥ ಮದ್ಯ ಮಾರುವಲ್ಲಿಗೆ ಆಗದು. ಮೆನುವಿನಲ್ಲಿ ಟಕೀಲಾ ಬೆರೆಸಿದ ಮಾರ್ಗರಿಟಾ ಇತ್ತು. ಮತ್ತೆ ಡಿಕ್ಕಿ, ಮತ್ತೆ ಪೆಟ್ಟಿಗೆ. ಒಳಗೆ ಬಡಿಸುವ ಹುಡುಗಿ ಮೆಣಸಿನ ಸಾಸು ಕೆಂಪೋ ಹಸಿರೋ ಅಂತ ಕೇಳಿದಳು. ಅಲ್ಲಿ ಎರಡೂ ಬೇಕಾದರೆ ‘ಕ್ರಿಸ್ಮಸ್’ ಅನ್ನಬೇಕು. ಎರಡು ಬೇಕು ಅಂದರೆ ಯಾರೂ ತಕರಾರು ಮಾಡದ ಜಾಗ ಅದೊಂದೇ ಅನ್ನಿಸಿತು.

ಮರುದಿನ ವಾಪಸ್ ಬರುವಾಗ ಗಡಿ ದಾಟಿದ ಕೂಡಲೇ ಕಾರು ನಿಲ್ಲಿಸಿ ಪಟ್ಟಿ ಕಟ್ಟಿಕೊಂಡ. ಚರ್ರ್. ಮುಖದಲ್ಲಿ ಸಮಾಧಾನ. ಪೆಕೋಸ್ ಇನ್ನೂ ದೂರ ಇರುವಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಹಿಂದಿನ ಎಡ ಟೈರಿನಲ್ಲಿ ಗಾಳಿ ಇಳಿಯುತ್ತಿತ್ತು. ಪಕ್ಕಕ್ಕೆ ಹಾಕಿ ಡಿಕ್ಕಿ ತೆಗೆದ. ಬೀಗದ ಪೆಟ್ಟಿಗೆ ಸರಿಸಿ ಕೆಳಗಿನ ಹಲಗೆ ಎತ್ತಿದ. ಸ್ಟೆಪ್ನಿ ಇರಲಿಲ್ಲ. ಹೊಸ ಕಾರುಗಳಲ್ಲಿ ಎಷ್ಟೋ ಸಲ ಅದನ್ನು ಕೊಡುವುದೇ ಇಲ್ಲ. ಒಂದು ಪುಟ್ಟ ಗಾಳಿ ಪಂಪು, ತೂತು ಮುಚ್ಚುವ ಅಂಟಿನ ಬಾಟಲಿ, ಅಷ್ಟೇ.

ಪಂಪು ಗುರ್ ಅಂತ ಓಡುತ್ತಿತ್ತು. ಪಕ್ಕದಲ್ಲಿ ಲಾರಿಗಳು ಕಾರನ್ನು ಅಲ್ಲಾಡಿಸುತ್ತಾ ಹೋಗುತ್ತಿದ್ದವು. ಅವನು ಸೊಂಟದ ಮೇಲೆ ಕೈಯಿಟ್ಟು ಟೈರನ್ನೇ ನೋಡುತ್ತಾ ನಿಂತಿದ್ದ.

‘ಕೋಡುಬಳೆ ಉಳಿದಿದ್ಯಾ?’ ಅಂದ.