ಸ್ಪ್ಲೆಂಡರಿನ ಎಡಬದಿಯ ಸದ್ದು

ನಮ್ಮ ತಂದೆಯವರು 1999ರಲ್ಲಿ ಕೊಂಡ ಹೀರೋ ಹೋಂಡಾ ಸ್ಪ್ಲೆಂಡರ್ ತಿಪಟೂರಿನ ಸಮೀಪದ ನಮ್ಮ ಊರಿನಲ್ಲಿ ಇಂದಿಗೂ ದಿನನಿತ್ಯ ಓಡುತ್ತಿದೆ. ಕಳೆದ ಮಳೆಗಾಲದ ಕೊನೆಯಲ್ಲಿ ಅದರ ಇಂಜಿನ್ನಿನಿಂದ ಒಂದು ಹೊಸ ಸದ್ದು ಬರತೊಡಗಿತು. ಅದು ಎಂಥ ಸದ್ದೆಂದು ನಾನು ಫೋನಿನಲ್ಲಿ ಕೇಳಿದಾಗ ತಂದೆಯವರು, "ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಬರುತ್ತಲ್ಲ, ಆ ಥರ" ಎಂದರು. ಕಾಯಿಯನ್ನು ಒಡೆಯದೆಯೇ ಒಳಗಿನ ಗಿಟುಕು ಚಿಪ್ಪಿನಿಂದ ಬಿಟ್ಟಿದೆಯೇ ಎಂದು ಸದ್ದಿನಿಂದಲೇ ಹೇಳುವವರು ಅವರು. ಆದ್ದರಿಂದ ಆ ವಿವರಣೆಯನ್ನು ನಾನು ಗಂಭೀರವಾಗಿಯೇ ತೆಗೆದುಕೊಂಡೆ.

ಅಷ್ಟರಲ್ಲಿ ಅವರು ಗಾಡಿಯನ್ನು ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದ್ದರು. ಆತ ಅರ್ಧ ನಿಮಿಷ ಎಕ್ಸಲೇಟರ್ ತಿರುಗಿಸಿ, "ಟೈಮಿಂಗ್ ಚೈನ್ ಹೋಗಿದೆ ಯಜಮಾನರೇ, ಇಂಜಿನ್ ಇಳಿಸಬೇಕು, ಬೋರ್ ಕೆಲಸಾನೂ ಒಟ್ಟಿಗೇ ಮಾಡಿಸಿಬಿಡಿ" ಎಂದಿದ್ದನಂತೆ. ಟೈಮಿಂಗ್ ಚೈನ್ ಎಂದರೆ ಹಿಂದಿನ ಚಕ್ರವನ್ನು ತಿರುಗಿಸುವ ಚೈನಲ್ಲ, ಇಂಜಿನ್ನಿನೊಳಗೆ ವಾಲ್ವುಗಳನ್ನು, ಅಂದರೆ ಗಾಳಿ ಮತ್ತು ಹೊಗೆಯ ಬಾಗಿಲುಗಳನ್ನು, ನಡೆಸುವ ಚೈನು. ಬೋರ್ ಕೆಲಸವೆಂದರೆ ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ ಹಾಕುವುದು. ಚೈನಿನ ಬಗ್ಗೆ ಅವನ ಊಹೆ ಪೂರ್ತಿ ತಪ್ಪಾಗಿರಲಿಲ್ಲ. ಆದರೆ ಊಹೆಯಿಂದ ನೇರವಾಗಿ ಇಂಜಿನ್ ಇಳಿಸುವ ಮಾತಿಗೆ ಹೋದದ್ದನ್ನು ನಾನು ಒಪ್ಪಲಾರದೆ, ಎರಡು ದಿನ ರಜೆ ಹಾಕಿ ಊರಿಗೆ ಹೋದೆ.

ನಾನು ಮೊದಲು ನೋಡಿದ್ದು ಆಯಿಲ್. ಸೆಂಟರ್ ಸ್ಟ್ಯಾಂಡ್ ಹಾಕಿ, ಅಳತೆಕಡ್ಡಿಯನ್ನು ಒರೆಸಿ, ತಿರುಪನ್ನು ತಿರುಗಿಸದೆ ಸುಮ್ಮನೆ ರಂಧ್ರದೊಳಗೆ ಇಳಿಸಿ ತೆಗೆದರೆ, ಕೆಳಗಿನ ಗುರುತಿಗೂ ಆಯಿಲ್ ಮುಟ್ಟಿರಲಿಲ್ಲ. ಕಡ್ಡಿಯ ತುದಿಗೆ ಅಂಟಿದ್ದಷ್ಟೂ ಡಾಂಬರಿನಂತೆ ಕಪ್ಪಾಗಿತ್ತು. ಈ 97.2 ಸಿಸಿಯ ಇಂಜಿನ್ನಿನಲ್ಲಿ ಆಯಿಲಿನ ವಿಚಾರ ಟೈಮಿಂಗ್ ಚೈನಿನ ವಿಚಾರಕ್ಕಿಂತ ಬೇರೆಯಲ್ಲ. ಚೈನನ್ನು ಬಿಗಿಯಾಗಿಡುವ ಟೆನ್ಷನರಿನ ತಳ್ಳುಕಡ್ಡಿಯು ಸ್ಪ್ರಿಂಗಿನ ಬಲದಿಂದ ಮೇಲಕ್ಕೆ ಒತ್ತುತ್ತದೆ, ಅದು ಅದುರದಂತೆ ಸುತ್ತಲಿನ ಆಯಿಲ್ ತಡೆಯುತ್ತದೆ. ಜೊತೆಗೆ ಆಯಿಲ್ ಪಂಪನ್ನು ತಿರುಗಿಸುವುದೂ ಇದೇ ಚೈನು: ಕೆಳಭಾಗದಲ್ಲಿ ಚೈನಿಗೆ ಹೊಂದಿಕೊಂಡಿರುವ ಒಂದು ಚಿಕ್ಕ ಹಲ್ಲುಚಕ್ರದ ಅಕ್ಷವೇ ಪಂಪಿನವರೆಗೆ ಹೋಗುತ್ತದೆ. ಆದ್ದರಿಂದ ಚೈನು ತುಂಡಾದರೆ ವಾಲ್ವುಗಳು ನಿಲ್ಲುವುದಷ್ಟೇ ಅಲ್ಲ, ಆಯಿಲಿನ ಹರಿವೂ ನಿಲ್ಲುತ್ತದೆ. "ಸದ್ದು ತಾನೇ, ಓಡಲಿ ಬಿಡಿ" ಎನ್ನುವವರಿಗೆ ನಾನು ಈ ಸಂಗತಿಯನ್ನು ತಪ್ಪದೆ ಹೇಳುತ್ತೇನೆ.

ಆಯಿಲ್ ಬದಲಾಯಿಸಿದ ಮೇಲೆ ಸದ್ದು ಸ್ವಲ್ಪ ತಗ್ಗಿತು, ಹೋಗಲಿಲ್ಲ. ಈಗ ಕಿವಿಗೊಟ್ಟು ಕೇಳುವ ಕೆಲಸ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದರೆ, ಸುತ್ತಲಿನ ಗದ್ದಲವೆಲ್ಲ ಹಿಂದೆ ಸರಿದು ಆ ಒಂದು ಜಾಗದ ಸದ್ದು ಮಾತ್ರ ಎದ್ದು ಕೇಳುತ್ತದೆ. ಈ ಇಂಜಿನ್ನಿನಲ್ಲಿ ಟೈಮಿಂಗ್ ಚೈನು ಎಡಬದಿಯಲ್ಲಿ, ವಿದ್ಯುತ್ ಉತ್ಪಾದಿಸುವ ಮ್ಯಾಗ್ನೆಟ್ಟಿನ ಹಿಂದಿನಿಂದ ಹೊರಟು ಸಿಲಿಂಡರಿನ ಪಕ್ಕದ ಓಣಿಯಲ್ಲಿ, ವಾಲ್ವುಗಳಿರುವ ಹೆಡ್ಡಿನವರೆಗೆ ಓಡುತ್ತದೆ. ಕ್ಲಚ್ ಇರುವುದು ಬಲಬದಿಯಲ್ಲಿ. ಹೀಗಾಗಿ ಎಡ ಮತ್ತು ಬಲಬದಿಗಳನ್ನು ಹೋಲಿಸಿ ನೋಡುವುದರಿಂದಲೇ ಅರ್ಧ ಉತ್ತರ ಸಿಗುತ್ತದೆ.

ಟ್ಯಾಪೆಟ್ಟಿನ, ಅಂದರೆ ವಾಲ್ವನ್ನು ಒತ್ತುವ ರಾಕರ್ ಎಂಬ ತೋಳಿನ ತುದಿಯ ತಿರುಪಿನ, ಸದ್ದನ್ನು ಚೈನಿನ ಸದ್ದೆಂದು ಭಾವಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು, ಆದ್ದರಿಂದ ಇವೆರಡರ ವ್ಯತ್ಯಾಸವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಪಿಸ್ಟನ್ ತಿರುಗಿಸುವ ಅಕ್ಷವಾದ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ, ವಾಲ್ವುಗಳನ್ನು ತೆರೆಯುವ ಅಕ್ಷವಾದ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಐಡ್ಲಿಂಗಿನಲ್ಲಿ ಕ್ರ್ಯಾಂಕ್ ನಿಮಿಷಕ್ಕೆ 1400 ಸುತ್ತು ತಿರುಗುತ್ತಿದ್ದರೆ, ಪ್ರತಿಯೊಂದು ವಾಲ್ವ್ 700 ಬಾರಿ, ಅಂದರೆ ಸೆಕೆಂಡಿಗೆ ಸುಮಾರು 12 ಬಾರಿ ತೆರೆದು ಮುಚ್ಚುತ್ತದೆ. ಟ್ಯಾಪೆಟ್ ಸಡಿಲವಾಗಿದ್ದರೆ ಹೊಲಿಗೆ ಯಂತ್ರದಂತೆ ಒಂದೇ ತಾಳದ ಟಿಕ್‌ಟಿಕ್ ಕೇಳುತ್ತದೆ, ಎಕ್ಸಲೇಟರ್ ಕೊಟ್ಟಂತೆ ಆ ತಾಳ ವೇಗವಾಗುತ್ತದೆಯೇ ಹೊರತು ಕೆಡುವುದಿಲ್ಲ. ಚೈನಿನ ಸದ್ದಿಗೆ ತಾಳವಿಲ್ಲ. ಅದು ಕಟಕಟವೆಂದು ಗುಂಪಾಗಿ ಬರುತ್ತದೆ, ಒಮ್ಮೆ ದಟ್ಟವಾಗಿ, ಒಮ್ಮೆ ವಿರಳವಾಗಿ. ಎಕ್ಸಲೇಟರನ್ನು ಸ್ವಲ್ಪ ಏರಿಸಿ ಹಿಡಿದಾಗ ಚೈನು ಎಳೆತಕ್ಕೆ ಸಿಕ್ಕಿ ಸದ್ದು ಬಹುಮಟ್ಟಿಗೆ ಅಡಗುತ್ತದೆ, ಎಕ್ಸಲೇಟರ್ ಬಿಟ್ಟು ವೇಗ ಇಳಿಯುವಾಗ ಮತ್ತೆ ತಲೆಯೆತ್ತುತ್ತದೆ. ನಮ್ಮ ಗಾಡಿಯಲ್ಲಿ ಎರಡೂ ಬೆರೆತಿದ್ದವು. ರಾತ್ರಿಯಿಡೀ ತಣ್ಣಗಾದ ಇಂಜಿನ್ನಿನಲ್ಲಿ, ಪಿಸ್ಟನ್ ತುತ್ತತುದಿಗೆ ಬಂದುದನ್ನು ತೋರಿಸುವ ಮ್ಯಾಗ್ನೆಟ್ಟಿನ ಟಿ ಗುರುತನ್ನು ಹೊಂದಿಸಿ, ರಾಕರುಗಳೆರಡೂ ಸಡಿಲವಾಗಿರುವುದನ್ನು ಖಚಿತಪಡಿಸಿಕೊಂಡು, ಎಡೆ ಅಳೆಯುವ ತೆಳು ತಗಡಾದ ಫೀಲರ್ ಗೇಜ್ ಹಾಕಿ ಟ್ಯಾಪೆಟ್ ಸರಿಮಾಡಿದ ಮೇಲೆ ಟಿಕ್‌ಟಿಕ್ ನಿಂತು, ಕೊಬ್ಬರಿಯ ಸದ್ದು ಮಾತ್ರ ಉಳಿಯಿತು.

ಉಳಿದ ಸಾಧ್ಯತೆಗಳನ್ನು ತಳ್ಳಿಹಾಕುವುದು ಕಷ್ಟವಾಗಲಿಲ್ಲ. ಕ್ಲಚ್ ಲಿವರ್ ಹಿಡಿದಾಗ ಸದ್ದಿನಲ್ಲಿ ಬದಲಾವಣೆ ಕಾಣಲಿಲ್ಲ. ಪಿಸ್ಟನ್ನಿನ ಬಡಿತವಾಗಿದ್ದರೆ ತಣ್ಣಗಿರುವಾಗ ಜೋರಾಗಿದ್ದು ಬಿಸಿಯಾದಂತೆ ಕಡಿಮೆಯಾಗಬೇಕಿತ್ತು, ಇದು ಬಿಸಿಯಾದ ಮೇಲೆಯೇ ಹೆಚ್ಚುತ್ತಿತ್ತು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬಡಿತ ಏರು ಹತ್ತುವಾಗ ಆಳದಿಂದ ಬರುವ ದಪ್ಪ ಸದ್ದು, ಅದೂ ಇಲ್ಲಿರಲಿಲ್ಲ. ಬೋರ್ ಕೆಲಸದ ಮಾತು ಅಲ್ಲಿಗೆ ಮುಗಿಯಿತು.

ನಂತರ ಹೆಡ್ಡಿನ ಎಡಬದಿಯ ದುಂಡು ಮುಚ್ಚಳವನ್ನು ತೆಗೆದೆ. ಟಿ ಗುರುತು ಹೊಂದಿರುವಾಗ ಕ್ಯಾಮ್ ಚಕ್ರದ ಮೇಲಿನ ಸೊನ್ನೆಯ ಗುರುತು ಹೆಡ್ಡಿನ ಕಚ್ಚಿಗೆ ಎದುರಾಗಿ ನಿಲ್ಲಬೇಕು. ಅದು ಕೂದಲೆಳೆಯಷ್ಟು ಹಿಂದೆ ನಿಂತಿತ್ತು. ಚೈನು ಹಿಗ್ಗಿದೆ ಎಂದು ನಾವೆಲ್ಲ ಹೇಳುತ್ತೇವೆ, ಆದರೆ ಹಿಗ್ಗುವುದು ಲೋಹವಲ್ಲ. ಒಂದೊಂದು ಕೊಂಡಿಯ ಪಿನ್ನು ಸವೆದು ಉಂಟಾದ ಸೂಕ್ಷ್ಮವಾದ ಎಡೆಗಳೆಲ್ಲ ಕೂಡಿ ಇಡೀ ಚೈನು ಉದ್ದವಾಗುತ್ತದೆ. ಒಂದು ಇಡೀ ಹಲ್ಲಿನಷ್ಟು ಅಂತರ ಕಂಡಿದ್ದರೆ ಚೈನು ಹಾರಿ ಕೂತಿದೆ ಎಂದು ತಿಳಿದು ಗಾಡಿಯನ್ನು ಅಲ್ಲಿಯೇ ನಿಲ್ಲಿಸುತ್ತಿದ್ದೆ. ಮ್ಯಾಗ್ನೆಟ್ಟಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಅತ್ತಿತ್ತ ಆಡಿಸಿದಾಗ, ಕ್ಯಾಮ್ ಚಕ್ರ ಕದಲುವ ಮೊದಲು ಚೈನು ಓಣಿಯೊಳಗೆ ಸಡಿಲವಾಗಿ ಏಳುವುದು ಕಣ್ಣಿಗೇ ಕಂಡಿತು. ಅಷ್ಟು ಸಡಿಲಕ್ಕೆ ಚೈನಿನ ಸವೆತವೊಂದೇ ಕಾರಣವಾಗಲಾರದು ಎನಿಸಿತು.

ಟೆನ್ಷನರಿನ ಬೋಲ್ಟ್ ಇಂಜಿನ್ನಿನ ಕೆಳಭಾಗದಲ್ಲಿದೆ. ಆಯಿಲನ್ನು ಶುದ್ಧವಾದ ಪಾತ್ರೆಗೆ ಇಳಿಸಿಕೊಂಡು ಅದನ್ನು ಬಿಚ್ಚಿದೆ. ಮೊದಲು ಸ್ಪ್ರಿಂಗ್, ಅದರ ಹಿಂದೆ ತಳ್ಳುಕಡ್ಡಿ ಹೊರಬಂದವು. ಅಂಗಡಿಯಿಂದ ತಂದ ಹೊಸ ಸ್ಪ್ರಿಂಗಿನ ಪಕ್ಕದಲ್ಲಿಟ್ಟರೆ ಹಳೆಯದು ಸ್ಪಷ್ಟವಾಗಿ ಗಿಡ್ಡವಾಗಿತ್ತು. ಕಡ್ಡಿಯ ತುದಿಯ ರಬ್ಬರು ಕಲ್ಲಿನಂತೆ ಗಟ್ಟಿಯಾಗಿ ಒಂದು ಅಂಚಿನಲ್ಲಿ ತಿಂದುಹೋಗಿತ್ತು. ಹೊಸ ಕಡ್ಡಿ, ಸ್ಪ್ರಿಂಗ್ ಮತ್ತು ವಾಷರ್ ಹಾಕಿ, ಆಯಿಲ್ ತುಂಬಿ ಇಂಜಿನ್ ಶುರುಮಾಡಿದಾಗ, ಮೊದಲ ಕೆಲವು ಕ್ಷಣ ಕಟಕಟ ಕೇಳಿ ಆಮೇಲೆ ಬಹುಪಾಲು ಅಡಗಿತು. ತಂದೆಯವರು ಜಗಲಿಯಿಂದ ಇಳಿದು ಬಂದು, ತಲೆ ಬಾಗಿಸಿ ಬಹಳ ಹೊತ್ತು ಕೇಳಿದರು. "ಮುಕ್ಕಾಲು ಹೋಯಿತು, ಕಾಲು ಇದೆ" ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ಉಳಿದ ಕಾಲುಭಾಗ ಚೈನಿನದು ಮತ್ತು ಓಣಿಯ ಮಧ್ಯದಲ್ಲಿರುವ ರಬ್ಬರ್ ರೋಲರಿನದು ಎಂದು ನನ್ನ ನಂಬಿಕೆ. ರೋಲರ್ ಬದಲಾಯಿಸಲು ಹೆಡ್ ಎತ್ತಬೇಕು, ಚೈನು ತೆಗೆಯಲು ಪುಲ್ಲರ್ ಹಾಕಿ ಮ್ಯಾಗ್ನೆಟ್ ಕಳಚಬೇಕು. ಆದರೆ ಎರಡಕ್ಕೂ ಇಂಜಿನ್ನನ್ನು ಚಾಸಿಯಿಂದ ಇಳಿಸಬೇಕಾಗಿಲ್ಲ, ಕ್ರ್ಯಾಂಕ್‌ಕೇಸ್ ಸೀಳಬೇಕಾಗಿಯೂ ಇಲ್ಲ. ಅದರ ಜೊತೆಗೇ ಬಲಬದಿಯ ಕ್ಲಚ್ ಕವರನ್ನು ತೆಗೆದು, ಕ್ಲಚ್ಚಿನ ಮುಖದಲ್ಲಿರುವ ಸುತ್ತುವ ಆಯಿಲ್ ಫಿಲ್ಟರನ್ನು ತೊಳೆಯಬೇಕೆಂದಿದ್ದೇನೆ. ಈ ಇಂಜಿನ್ನಿನಲ್ಲಿ ಕಾಗದದ ಫಿಲ್ಟರ್ ಇಲ್ಲ, ಸುತ್ತುವ ರಭಸಕ್ಕೆ ಕೆಸರು ಆ ಬಟ್ಟಲಿನ ಗೋಡೆಗೆ ಅಂಟಿ ಕೂರುತ್ತದೆ, ಕವರ್ ತೆಗೆಯದ ಹೊರತು ಯಾರ ಕಣ್ಣಿಗೂ ಬೀಳುವುದಿಲ್ಲ. ಇಷ್ಟು ವರ್ಷಗಳಲ್ಲಿ ನಾವು ಅದನ್ನು ಒಮ್ಮೆಯೂ ತೊಳೆಸಿದ ನೆನಪು ನಮ್ಮ ತಂದೆಯವರಿಗಿಲ್ಲ. ಚೈನು, ರೋಲರ್ ಮತ್ತು ಗ್ಯಾಸ್ಕೆಟ್‌ಗಳನ್ನು ತಂದಿಟ್ಟಿದ್ದೇನೆ. ಮುಂದಿನ ರಜೆಯವರೆಗೆ ವಾರಕ್ಕೊಮ್ಮೆ ಅಳತೆಕಡ್ಡಿ ನೋಡುವುದಾಗಿ ತಂದೆಯವರು ಒಪ್ಪಿಕೊಂಡಿದ್ದಾರೆ.