ಉಪ್ಪು ಹಚ್ಚಿದ ಅನ್ನದುಂಡೆ

ಇವತ್ತು ಮೇ 18. ಉಳಿದ ಸೋನಾ ಮಸೂರಿ ಅನ್ನ ಉಂಡೆ ಕಟ್ಟಲು ಹೋದರೆ ಪೂರಾ ಉದುರಿಹೋಯ್ತು.

ದಕ್ಷಿಣ ಕೊರಿಯಾದ ಗ್ವಾಂಗ್ಜು ಊರಿನ ಅನ್ನದುಂಡೆ, ಜುಮೊಕ್‌ಬಾಪ್, ಹಾಗಲ್ಲ. ಮುಷ್ಟಿ ಅನ್ನ ಅಂತಲೇ ಅರ್ಥ.
ಅಲ್ಲಿಯದು ಗುಂಡು ಕಾಳಿನ, ಅಂಟುವ ಅಕ್ಕಿ. ಬಿಸಿ ಇರುವಾಗಲೇ ಉಪ್ಪುನೀರಲ್ಲಿ ಅದ್ದಿದ ಅಂಗೈಯಲ್ಲಿ ಒತ್ತಬೇಕು.
ಆರಿದರೆ ಕೂಡಿಕೊಳ್ಳಲ್ಲ. ಕೈ ಒಣಗಿದ್ದರೆ ಅನ್ನ ಅಂಗೈಗೇ ಮೆತ್ತಿಕೊಳ್ಳುತ್ತೆ. ತೀರಾ ಬಿಗಿಯಾದರೆ ಗಂಟಲಲ್ಲಿ ಇಳಿಯಲ್ಲ.

1980. ಇದೇ ಮೇ 18ಕ್ಕೆ ಗ್ವಾಂಗ್ಜುವಿನ ಜನ ಸೇನಾಡಳಿತದ ವಿರುದ್ಧ ದಂಗೆ ಎದ್ದಿದ್ದರು. ಸೈನ್ಯ ಊರಿಗೇ ದಿಗ್ಬಂಧನ ಹಾಕಿತ್ತು. ಯಾಂಗ್‌ದೊಂಗ್ ಮಾರ್ಕೆಟ್ಟಿನ ಹೆಂಗಸರು ದೊಡ್ಡ ಹಂಡೆಗಳಲ್ಲಿ ಬೇಯಿಸಿ, ಟ್ರಕ್ ಮೇಲಿದ್ದ ಹುಡುಗರ ಕೈಗೆ ಉಂಡೆ ಕೊಟ್ಟರು. ತಟ್ಟೆ ಬೇಡ, ಪಲ್ಯ ಬೇಡ. ಉಪ್ಪೇ ಪಲ್ಯ.

ಮೊದಲು ಸತ್ತವನು ಕಿವಿ ಕೇಳದ ಒಬ್ಬ ಯುವಕ. ಸೈನಿಕರು ಕೂಗಿದ್ದು ಅವನಿಗೆ ಕೇಳುವುದಾದರೂ ಹೇಗೆ?
ರಕ್ತ ಕೊಟ್ಟು ಆಸ್ಪತ್ರೆಯಿಂದ ಹೊರಟ ಹೈಸ್ಕೂಲ್ ಹುಡುಗಿಗೂ ಗುಂಡು ಬಿತ್ತು.
ಶವಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದು ಸಾಂಗ್‌ಮುಗ್ವಾನ್ ಅನ್ನೋ ಕಸರತ್ತಿನ ಹಾಲ್‌ನಲ್ಲಿ. ಮೇ 27ರ ನಸುಕಿಗೆ ಸೈನ್ಯ ದಂಗೆ ಹತ್ತಿಕ್ಕಿ ಎಲ್ಲ ಮುಗಿದ ಮೇಲೆ ಹೆಣಗಳು ಮಾಂಗ್ವೊಲ್‌ದೊಂಗ್ ಸ್ಮಶಾನಕ್ಕೆ ಹೋಗಿದ್ದು ಕಸದ ಲಾರಿಯಲ್ಲಿ.
ಹೌದು, ಕಸದ ಲಾರಿ.

ಈಗಲೂ ಮೇ ತಿಂಗಳಲ್ಲಿ ಅಲ್ಲಿ ಬೀದಿಯಲ್ಲಿ ಉಂಡೆ ಹಂಚುತ್ತಾರೆ. ಎಳ್ಳು, ಕಡಲಪಾಚಿ ಚೂರು ಎಲ್ಲ ಸೇರಿಸುತ್ತಾರೆ ಈಗ.