ಆರನೇ ಅಮೈನೋ ಆಮ್ಲ ಯಾವಾಗ ಬರಬೇಕು?

ಕಲಬುರಗಿಯ ನಮ್ಮ ಡಿಗ್ರಿ ಕಾಲೇಜಿನಲ್ಲಿ ರಕ್ತದಲ್ಲಿ ಆಕ್ಸಿಜನ್ ಒಯ್ಯುವ ಪ್ರೋಟೀನ್ ಆದ ಹಿಮೋಗ್ಲೋಬಿನ್ ಪಾಠ ಶುರುವಾಗಿತ್ತು. ಪ್ರೋಟೀನ್‌ಗಳ ರಚನೆಯ ಫೈಲುಗಳನ್ನು ಇಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕಿನ 4ಎಚ್‌ಎಚ್‌ಬಿ ಫೈಲನ್ನು, ಅಣುಗಳನ್ನು ತೆರೆಯ ಮೇಲೆ ತೋರಿಸುವ ಸಾಫ್ಟ್‌ವೇರ್ ಆದ ಪೈಮಾಲ್‌ನಲ್ಲಿ ತೆರೆದೆ. ನಾಲ್ಕು ಸರಪಳಿ, ಅವುಗಳ ಕೊಂಡಿಗಳಾದ 574 ಅಮೈನೋ ಆಮ್ಲ, ನಾಲ್ಕು ಹೀಮ್, ಸುತ್ತಲೂ ಕೆಂಪು ಪ್ಲಸ್ ಗುರುತುಗಳಂತೆ ನೀರಿನ ಅಣುಗಳು. ಎಲ್ಲವೂ ಒಮ್ಮೆಗೇ ಬಂದು ಕೂತವು. "ಸರ್, ಇದ್ರಾಗ ಆಕ್ಸಿಜನ್ ಹಿಡಿಯೋದು ಎಲ್ಲಿ ಅದ್ರಿ?" ಅಂದಳು ಒಬ್ಬ ವಿದ್ಯಾರ್ಥಿನಿ. ಕೇಳಬೇಕಾದ ಪ್ರಶ್ನೆಯೇ ಅದು.

ಆಸಕ್ತಿ ಇದ್ದವರು ಕ್ಲಾಸ್ ಮುಗಿದ ಮೇಲೆ ಉಳಿದುಕೊಂಡರು. ಎಲ್ಲರೂ ಸೇರಿ ಆ್ಯನಿಮೇಶನ್ ಮಾಡಲು ಕೂತೆವು. ನಮ್ಮ ಕಡೆ ದೊಡ್ಡಾಟದಲ್ಲಿ ಪಾತ್ರಗಳು ಒಂದೊಂದಾಗಿ ರಂಗಕ್ಕೆ ಬರುತ್ತವಲ್ವಾ, ಹಾಗೆ ಇಲ್ಲೂ ಯಾರು ಯಾವಾಗ ಬರಬೇಕು ಅಂತ ಮೊದಲು ಹಾಳೆಯ ಮೇಲೆ ಬರೆದುಕೊಂಡೆವು. ಸೆಕೆಂಡಿಗೆ 30 ಫ್ರೇಮ್. ಮೊದಲ 150 ಫ್ರೇಮ್‌ನಲ್ಲಿ, ಅಂದ್ರೆ ಐದು ಸೆಕೆಂಡು, ಬರೀ ರಿಬ್ಬನ್: ಸರಪಳಿ ಸಾಗುವ ದಾರಿ ತೋರಿಸುವ ಪಟ್ಟಿ. ನಾಲ್ಕು ಸರಪಳಿಗೆ ನಾಲ್ಕು ಬಣ್ಣ. ಆಮೇಲೆ ಹೀಮ್, ಅದರ ನಡುವೆ ಗೋಲಿಯಂತೆ ಕಬ್ಬಿಣ. ಆಕ್ಸಿಜನ್ ಹಿಡಿಯುವುದು ಅಲ್ಲೇ. ನೀರು ಬೇಡವೇ ಬೇಡ.

ಪೈಮಾಲ್‌ನಲ್ಲಿ 'ಎಂಡೂ' ಅನ್ನುವ ಕಮಾಂಡ್ ಇದೆ. ಇಂಥ ಫ್ರೇಮ್ ಬಂದಾಗ ಇಂಥದ್ದನ್ನು ತೋರಿಸು ಅಂತ ಅದಕ್ಕೆ ಹೇಳಿಡಬಹುದು. ಆದರೆ ಆಟ ಮುಗಿದು ಮತ್ತೆ ಮೊದಲಿನಿಂದ ಓಡಿಸಿದರೆ ಹೀಮ್ ಆಗಲೇ ಬಂದು ಕೂತಿರುತ್ತದೆ. ತೋರಿಸು ಅಂದರೆ ತೋರಿಸುತ್ತದೆ, ಮರೆಮಾಡು ಅಂತ ಯಾರೂ ಹೇಳಿಲ್ಲವಲ್ಲ! ಹಾಗಾಗಿ ಒಂದನೇ ಫ್ರೇಮ್‌ನಲ್ಲೇ 'ಎಲ್ಲವನ್ನೂ ಮರೆಮಾಡು, ರಿಬ್ಬನ್ ಮಾತ್ರ ತೋರಿಸು' ಅಂತ ಬರೆಯಬೇಕು. ಇದನ್ನು ಹೊಸಬರಿಗೆ ನಾನು ಮೊದಲ ದಿನವೇ ಹೇಳಿಕೊಡುತ್ತೇನೆ.

ಇನ್ನೊಂದು ವಿಷಯ. ಥಟ್ಟನೆ ಬಂದದ್ದರ ಕಡೆಗೇ ಕಣ್ಣು ಹೋಗುತ್ತದೆ. ಅದಕ್ಕೇ ನೋಡಬೇಕಾದ್ದನ್ನು ಥಟ್ಟನೆ ತರುತ್ತೇವೆ, ಹಿಂದೆ ಸರಿಯಬೇಕಾದ್ದನ್ನು ನಿಧಾನಕ್ಕೆ ಮಸುಕು ಮಾಡುತ್ತೇವೆ. ರಿಬ್ಬನ್ನಿನ ಪಾರದರ್ಶಕತೆಯನ್ನು ಹಲವು ಫ್ರೇಮ್‌ಗಳಲ್ಲಿ ಸ್ವಲ್ಪ ಸ್ವಲ್ಪ ಏರಿಸಿದರೆ ಸಾಕು, ಅದು ತೆಳುವಾಗಿದ್ದು ಯಾರಿಗೂ ಗೊತ್ತೇ ಆಗುವುದಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯ ಭಾಗ. ನಾಲ್ಕು ಸರಪಳಿಗಳಲ್ಲಿ ಎರಡಕ್ಕೆ ಬೀಟಾ ಅಂತ ಹೆಸರು. ಬೀಟಾ ಸರಪಳಿಯ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಅನ್ನುವ ಅಮೈನೋ ಆಮ್ಲ ಇರಬೇಕು. ಈ ಕಾಯಿಲೆಯಲ್ಲಿ ಅಲ್ಲಿ ವಾಲಿನ್ ಅನ್ನುವ ಬೇರೆ ಅಮೈನೋ ಆಮ್ಲ ಇರುತ್ತದೆ. 2ಎಚ್‌ಬಿಎಸ್ ಫೈಲಿನಲ್ಲಿ ಅಂಥ ಎರಡು ಅಣುಗಳು ಅಕ್ಕಪಕ್ಕ ಇವೆ. ಎರಡನೆಯದನ್ನು ಮುಚ್ಚಿಟ್ಟು, ಮೊದಲನೆಯದರ ರಿಬ್ಬನ್ ಮಸುಕು ಮಾಡಿ, ಆ ವಾಲಿನ್ ಒಂದನ್ನೇ ಹಳದಿ ಗೋಲಿಗಳಾಗಿ ತಂದೆವು. ಮುಂದಿನ ಕೆಲವು ಸೆಕೆಂಡು ಏನೂ ಬರದಂತೆ ಬಿಟ್ಟೆವು.

ಕ್ಲಾಸಿನಲ್ಲಿ ಹಾಕಿದಾಗ ಆ ಬಿಡುವಿನಲ್ಲೇ ಮಾತು ಶುರುವಾಯಿತು.

"ಸರ್, ಇದು ಹೊರಗ ಅದ. ಹೀಮ್ ಒಳಗ ಅದ. ಹಂಗಾದ್ರ ರೋಗ ಹ್ಯಾಂಗ ಬರ್ತದ್ರಿ?"

ನಾನು ಆ್ಯನಿಮೇಶನ್ ನಿಲ್ಲಿಸಿದೆ. ಎಲ್ಲರೂ ಯೋಚನೆ ಮಾಡುತ್ತಿದ್ದರು. ಕಿಟಕಿ ಪಕ್ಕದ ಹುಡುಗ ಮೆಲ್ಲಗೆ, "ಬಾಜೂದ್ದಕ್ಕ ಅಂಟತದೇನ್ರಿ?" ಅಂದ. ಆಗ ಎರಡನೇ ಅಣುವನ್ನು ತೆರೆಗೆ ಬಿಟ್ಟೆ. ಅದರ ಬೀಟಾ ಸರಪಳಿಯಲ್ಲಿ 85ನೇ ಫಿನೈಲ್‌ಅಲನಿನ್ ಮತ್ತು 88ನೇ ಲ್ಯೂಸಿನ್ ನಡುವೆ ಸಣ್ಣ ಕುಳಿ. ಹಳದಿ ವಾಲಿನ್ ಅದರೊಳಗೇ ಸೇರಿಕೊಂಡಿತ್ತು. ಹೀಗೆ ಒಂದಕ್ಕೊಂದು ಅಂಟುತ್ತಾ ಉದ್ದನೆಯ ಎಳೆಗಳಾಗುತ್ತವೆ, ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಆ ಹುಡುಗನ ಮುಖದ ಸಂತೋಷ ನೋಡಬೇಕಿತ್ತು.

ಆದರೆ ಮೊದಲು ಕೇಳಿದ್ದ ಹುಡುಗಿ ಅಲ್ಲಿಗೇ ಬಿಡಲಿಲ್ಲ. ಆಕ್ಸಿಜನ್ ಹಿಡಿದಾಗಲೂ ಹೀಗೇ ಅಂಟುತ್ತದಾ? ಇಲ್ಲ. ಆಗ ಅಣುವಿನ ಒಂದು ಅರ್ಧ ಇನ್ನೊಂದರ ಎದುರು ಸುಮಾರು 15 ಡಿಗ್ರಿ ತಿರುಗುತ್ತದೆ, ಆಕಾರ ಬದಲಾಗಿ ಅಂಥ ಎಳೆಗಳಲ್ಲಿ ಅದು ಕೂರುವುದಿಲ್ಲ. ಅದನ್ನು ತೋರಿಸಲು ಆಕ್ಸಿಜನ್ ಇರುವ 1ಎಚ್‌ಎಚ್‌ಒ ಬೇಕು. ಆ ಫೈಲಿನಲ್ಲಿ ಎರಡೇ ಸರಪಳಿ ಇವೆ, ಉಳಿದೆರಡನ್ನು ಜೋಡಿಸಿ ಪೂರ್ತಿ ಅಣು ಮಾಡಿಕೊಳ್ಳಬೇಕು. ಅವತ್ತು ಮಧ್ಯಾಹ್ನ ಊಟ ಮುಗಿಸಿ ಆ ಕೆಲಸಕ್ಕೇ ಕೂತೆವು.